ಗ್ರಾಮ ಪಂಚಾಯಿತಿ ಗ್ರಂಥಾಲಯ: ಹದಿಹರೆಯದವರಿಗೂ ವಯಸ್ಕರಿಗೂ ಉಚಿತ ಕಾರ್ಯಕ್ರಮಗಳು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕನ್ನಡದಲ್ಲಿ ‘ಉಚಿತ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ದುಡ್ಡು ಕೊಡದೆ ದೊರೆಯುವುದು ಎಂಬುದು ಒಂದು. ತಕ್ಕದ್ದು, ಯೋಗ್ಯವಾದದ್ದು ಎಂಬುದು ಇನ್ನೊಂದು. ಉಚಿತ ಸಮಯ, ಉಚಿತ ಮಾತು ಎನ್ನುವಾಗ ಬಳಕೆಯಾಗುವುದು ಈ ಎರಡನೆಯ ಅರ್ಥವೇ. ಗ್ರಂಥಾಲಯದ ಫಲಕಗಳ ಮೇಲೆ ‘ಉಚಿತ ಪ್ರವೇಶ’ ಎಂದು ಬರೆಯಿಸುವಾಗ ಮೊದಲನೆಯ ಅರ್ಥವಷ್ಟೇ ಮನಸ್ಸಿನಲ್ಲಿರುತ್ತದೆ. ಎರಡನೆಯದನ್ನೂ ನೆನಪಿನಲ್ಲಿಟ್ಟುಕೊಂಡರೆ, ಊರಿನ ಗ್ರಂಥಾಲಯಕ್ಕೆ ಯಾರು ಬರುತ್ತಿದ್ದಾರೆ, ಯಾರು ಬರುತ್ತಿಲ್ಲ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಮೊದಲು ದುಡ್ಡಿನ ವಿಷಯ. ಗ್ರಂಥಾಲಯದ ಸೇವೆಯನ್ನು ಯಾರೂ ಯಾರಿಗೂ ದಾನವಾಗಿ ಕೊಡುತ್ತಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ತಂದ ಗ್ರಂಥಾಲಯ ಕರವು ಇಂದು ಮನೆ ಕಂದಾಯದ ಮೇಲೆ ಶೇ. 6ರ ದರದಲ್ಲಿ ಸೇರುತ್ತದೆ. ಕಂದಾಯದ ರಶೀದಿಯಲ್ಲಿ ಆರೋಗ್ಯ ಕರ, ಶಿಕ್ಷಣ ಕರಗಳ ಪಕ್ಕದಲ್ಲೇ ಅದರ ಸಾಲೂ ಇರುತ್ತದೆ. ಐದು ಲಕ್ಷ ರೂಪಾಯಿ ಕಂದಾಯ ವಸೂಲಾಗುವ ಪಂಚಾಯಿತಿಯಲ್ಲಿ ಗ್ರಂಥಾಲಯದ ಹೆಸರಿನಲ್ಲಿ ಮೂವತ್ತು ಸಾವಿರ ರೂಪಾಯಿ ಜಮೆಯಾಗುತ್ತದೆಂದು ಅರ್ಥ. ಎರಡಂಕಣದ ಮನೆಯ ಕೂಲಿಕಾರನೂ, ಒಂಟಿಯಾಗಿ ಬಾಳುವ ವಿಧವೆಯೂ, ಓದುಬರಹ ಬಾರದ ಮುದುಕನೂ ಈ ಕರವನ್ನು ತೆರುತ್ತಾರೆ. ಗ್ರಂಥಾಲಯದ ಹೊಸ್ತಿಲನ್ನು ಎಂದೂ ತುಳಿಯದವರು ಅದರ ಖರ್ಚಿನ ಪಾಲನ್ನು ಆಗಲೇ ಕೊಟ್ಟಿರುತ್ತಾರೆ. ಆದುದರಿಂದ ಉಚಿತ ಕಾರ್ಯಕ್ರಮವೆಂಬುದು ಅವರು ಮುಂಗಡ ಕೊಟ್ಟ ಹಣದ ಸೇವೆ. ಅದು ಅವರಿಗೆ ತಲುಪಿತೇ ಎಂದು ಕೇಳುವ ಹೊಣೆ ಚುನಾಯಿತ ಸದಸ್ಯರದು. ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡುವಾಗ ವಯಸ್ಕರ ಶಿಕ್ಷಣ, ಗ್ರಂಥಾಲಯಗಳು, ಸಾಂಸ್ಕೃತಿಕ ಚಟುವಟಿಕೆಗಳು ಎಂಬ ಮೂರನ್ನೂ ಒಂದರ ಹಿಂದೊಂದರಂತೆ ಇರಿಸಿದೆ. ಈ ಮೂರೂ ಒಂದೇ ಕೋಣೆಯಲ್ಲಿ ನಡೆಯಬಹುದಾದ ಕೆಲಸಗಳು.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರಲ್ಲಿ, ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮವು 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವವನ್ನು ನೀಡಿತು. ಮುಂದೆ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರೂ ಬಂದಿತು. ಗೋಡೆಗಳ ಮೇಲೆ ಚಿತ್ರಗಳು ಮೂಡಿದವು, ಕಂಪ್ಯೂಟರುಗಳು ಬಂದವು, ದಾನಿಗಳಿಂದ ಪುಸ್ತಕಗಳು ಬಂದವು. ಶಾಲಾ ಮಕ್ಕಳು ಬಂದರು, ಕಥೆ ಕೇಳಿದರು, ಚದುರಂಗ ಆಡಿದರು. ಇದು ಸಣ್ಣ ಸಾಧನೆಯಲ್ಲ. ದಿನಪತ್ರಿಕೆ ಓದುವ ನಾಲ್ಕಾರು ಹಿರಿಯರ ತಾಣವೆಂದೇ ತಿಳಿದಿದ್ದ ಕೋಣೆಯಲ್ಲಿ ಮಕ್ಕಳ ಸದ್ದು ಕೇಳಿಸಿದ್ದು ದೊಡ್ಡ ಬದಲಾವಣೆ.

ಆದರೆ ಹತ್ತು ವರ್ಷದ ಮಗುವಿಗೆ ಒಗ್ಗುವ ಕಾರ್ಯಕ್ರಮ ಹದಿನೈದು ವರ್ಷದವರಿಗೆ ಒಗ್ಗುವುದಿಲ್ಲ. ಚಿಕ್ಕ ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತು ಬಣ್ಣ ತುಂಬಲು ಒಂಬತ್ತನೆಯ ತರಗತಿಯ ಹುಡುಗನಿಗೆ ಸಂಕೋಚವಾಗುತ್ತದೆ. ಹಿರಿಯರು ಸುತ್ತುವರಿದ ಪತ್ರಿಕೆಯ ಮೇಜಿನ ಬಳಿ ಹುಡುಗಿಗೆ ಕುರ್ಚಿಯಿಲ್ಲ. ನಲವತ್ತರ ಹೆಂಗಸಿಗಂತೂ ಅಲ್ಲಿ ತನಗೇನು ಕೆಲಸ ಎಂಬ ಪ್ರಶ್ನೆ. ಹೀಗೆ ಹದಿನಾಲ್ಕರಿಂದ ಆಚೆಗಿನ ಊರಿನ ಬಹುಪಾಲು ಜನ, ಯಾರೂ ಬೇಡವೆನ್ನದೆ ಇದ್ದರೂ, ಹೊರಗೇ ಉಳಿಯುತ್ತಾರೆ. ಗ್ರಂಥಾಲಯ ವಿಜ್ಞಾನದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚ ಸೂತ್ರಗಳಲ್ಲಿ, ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು ಎಂಬ ಎರಡು ಸೂತ್ರಗಳಿವೆ. ಕಪಾಟಿನಲ್ಲಿ ಪುಸ್ತಕ ಇಟ್ಟಮಾತ್ರಕ್ಕೆ ಅವು ಈಡೇರುವುದಿಲ್ಲ. ಇಬ್ಬರನ್ನೂ ಕೂಡಿಸುವ ಸಂದರ್ಭವೊಂದು ಬೇಕು. ಕಾರ್ಯಕ್ರಮವೆಂದರೆ ಅಂತಹ ಸಂದರ್ಭ.

ಈ ಮಾತಿಗೆ ಈ ನೆಲದಲ್ಲೇ ಆಧಾರವಿದೆ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಆರೋಗ್ಯ, ಇತಿಹಾಸದ ವಿಷಯಗಳನ್ನು ಕನ್ನಡದಲ್ಲಿ ಹೇಳಿ, ಆ ಪ್ರಚಾರೋಪನ್ಯಾಸಗಳನ್ನು ಕಡಿಮೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿದ್ದರು. 1940ರ ದಶಕದಿಂದ ಕೆಲಸ ಮಾಡಿದ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ಅಕ್ಷರ ಕಲಿಸಿ ಸುಮ್ಮನಾಗಲಿಲ್ಲ. ಹೊಸದಾಗಿ ಓದು ಕಲಿತವರಿಗಾಗಿಯೇ ‘ಬೆಳಕು’ ಎಂಬ ವಾರಪತ್ರಿಕೆಯನ್ನು ಹೊರಡಿಸಿತು, ಹಳ್ಳಿಗಳಲ್ಲಿ ಗ್ರಂಥಾಲಯಗಳನ್ನು ನಡೆಸಿತು. ಕಲಿತ ಅಕ್ಷರವನ್ನು ಬಳಸದಿದ್ದರೆ ವರ್ಷವೊಪ್ಪತ್ತಿನಲ್ಲಿ ಮರೆತುಹೋಗುತ್ತದೆಂಬ ಅನುಭವ ಅದರ ಹಿಂದಿತ್ತು. ಇನ್ನೂ ಹಿಂದಕ್ಕೆ ಹೋದರೆ, ಜಗಲಿಯ ಮೇಲೆ ಒಬ್ಬರು ಜೈಮಿನಿ ಭಾರತವನ್ನೋ ಕುಮಾರವ್ಯಾಸ ಭಾರತವನ್ನೋ ಓದುತ್ತಿದ್ದರೆ ಅಕ್ಷರ ಬಾರದ ಹತ್ತು ಜನ ಕೇಳಿ, ತಪ್ಪಿದಲ್ಲಿ ತಿದ್ದುತ್ತಿದ್ದ ಪರಂಪರೆಯೇ ಇದೆ. ಶ್ರಾವಣದಲ್ಲಿ ಮಠಗಳ ಅಂಗಳದಲ್ಲಿ ಪುರಾಣ ನಡೆಯುವ ಊರುಗಳಿಗೆ, ಹತ್ತು ಜನ ಕೂಡಿ ಕೇಳುವ ಓದು ಎಂದರೇನೆಂದು ವಿವರಿಸಬೇಕಾಗಿಲ್ಲ.

ಇನ್ನು ಸಮಯದ ಪ್ರಶ್ನೆ. ಗ್ರಂಥಾಲಯದ ಬಗ್ಗೆ ಮಾತನಾಡುವಾಗ ಕಟ್ಟಡ, ಕಪಾಟು, ಕಂಪ್ಯೂಟರುಗಳ ಚರ್ಚೆ ಹೆಚ್ಚಾಗಿ ನಡೆಯುತ್ತದೆ. ಬಾಗಿಲು ಯಾವಾಗ ತೆರೆದಿರುತ್ತದೆ ಎಂಬ ಚರ್ಚೆ ನಡೆಯುವುದೇ ಅಪರೂಪ. ಯಾರು ಒಳಗೆ ಬರುತ್ತಾರೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿರುವ ಗ್ರಂಥಾಲಯವೊಂದನ್ನು ಊಹಿಸಿಕೊಳ್ಳಬಹುದು. ಆ ಹೊತ್ತಿನಲ್ಲಿ ಪ್ರೌಢಶಾಲೆಯ ಮಕ್ಕಳು ಶಾಲೆಯಲ್ಲಿರುತ್ತಾರೆ. ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋದವರು ಬಸ್ಸಿನಲ್ಲಿರುತ್ತಾರೆ. ಕೂಲಿಗೆ ಹೋದವರು ಹೊಲದಲ್ಲಿರುತ್ತಾರೆ, ಗಾರ್ಮೆಂಟ್ಸಿಗೆ ಹೋದವರು ಹೊಲಿಗೆ ಯಂತ್ರದ ಮುಂದಿರುತ್ತಾರೆ. ಅವರೆಲ್ಲ ಊರಿಗೆ ಮರಳುವ ಹೊತ್ತಿಗೆ ಬಾಗಿಲಿಗೆ ಬೀಗ. ಅಂತಹ ಗ್ರಂಥಾಲಯದ ಸೇವೆ ಉಚಿತವಾಗಿದ್ದರೂ ಸಮಯ ಉಚಿತವಾಗಿಲ್ಲ.

ಹೆಂಗಸರ ದಿನಚರಿಯ ಲೆಕ್ಕವೇ ಬೇರೆ. ಬೆಳಿಗ್ಗೆ ಮತ್ತು ಸಂಜೆ ಡೇರಿಗೆ ಹಾಲು ಹಾಕುವ ಹೊತ್ತು, ನಲ್ಲಿಯಲ್ಲಿ ನೀರು ಬರುವ ಹೊತ್ತು, ರಾತ್ರಿಯ ಅಡುಗೆಯ ಹೊತ್ತು ಇವುಗಳ ನಡುವೆ ಒಂದು ಗಂಟೆ ಬಿಡುವು ದೊರೆತರೆ ಅದು ಮಧ್ಯಾಹ್ನದ ಊಟದ ನಂತರವೋ, ಸಂಘದ ಸಭೆ ನಡೆಯುವ ದಿನವೋ ಆಗಿರುತ್ತದೆ. ಅವರ ಬಿಡುವಿಗೆ ಹೊಂದಿಸಿ ಕಾರ್ಯಕ್ರಮ ಇಡಬೇಕೇ ಹೊರತು, ಕಾರ್ಯಕ್ರಮ ಇಟ್ಟು ಅವರು ಬರಲಿಲ್ಲವೆಂದು ವರದಿ ಬರೆಯುವುದು ತರವಲ್ಲ. ಹಾಗೆಂದು ವೇಳೆಯನ್ನು ಬೇಕಾದಂತೆ ಎಳೆಯುವುದೂ ಸರಿಯಲ್ಲ. ಗ್ರಂಥಾಲಯ ಮೇಲ್ವಿಚಾರಕರು ಒಬ್ಬರೇ. ಅವರಲ್ಲಿ ಅನೇಕರು ಬಹುಕಾಲ ಅತ್ಯಲ್ಪ ಗೌರವಧನದಲ್ಲಿ ದುಡಿದವರು. ಹೇಳುತ್ತಿರುವುದು ಅವರ ದುಡಿಮೆಯನ್ನು ಹೆಚ್ಚಿಸುವ ಮಾತಲ್ಲ, ನಿಗದಿಯಾದ ಒಟ್ಟು ಅವಧಿಯನ್ನು ವಾರದಲ್ಲಿ ಬೇರೆ ರೀತಿಯಲ್ಲಿ ಹಂಚುವ ಮಾತು. ಇದಕ್ಕೆ ಇಲಾಖೆಯ ಸೂಚನೆಗಳ ಚೌಕಟ್ಟಿನೊಳಗೆ ಪಂಚಾಯಿತಿಯ ನಿರ್ಣಯ ಬೇಕು, ಮೇಲ್ವಿಚಾರಕರ ಒಪ್ಪಿಗೆ ಬೇಕು. ಮೇಲ್ವಿಚಾರಕಿ ಮಹಿಳೆಯಾಗಿದ್ದರೆ ಸಂಜೆಯ ಹೊತ್ತು ಅವರು ಮನೆ ಸೇರುವ ದಾರಿಯ ಬಗ್ಗೆಯೂ ಯೋಚಿಸಬೇಕು. ಗ್ರಂಥಾಲಯದ ಮುಂದೆ ಒಂದು ಬೀದಿದೀಪ, ಒಳಗೆ ಬಳಸಲು ಯೋಗ್ಯವಾದ ಶೌಚಾಲಯ: ಈ ಎರಡು ಇಲ್ಲದ ಕಡೆ ಹುಡುಗಿಯರ ಹಾಜರಿಯನ್ನು ನಿರೀಕ್ಷಿಸುವುದೇ ತಪ್ಪು.

ಹದಿಹರೆಯದವರಲ್ಲಿ ಮೊದಲು ಗಮನಿಸಬೇಕಾದವರು ಶಾಲೆ ಬಿಟ್ಟವರು. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತವೋ ಇಂಗ್ಲಿಷೋ ಒಂದು ವಿಷಯದಲ್ಲಿ ಅನುತ್ತೀರ್ಣಳಾದ ಹುಡುಗಿ ಮಾರನೆಯ ದಿನದಿಂದ ಯಾವ ದಾಖಲೆಯಲ್ಲೂ ಕಾಣಿಸುವುದಿಲ್ಲ. ಶಾಲೆಯ ಹಾಜರಿಯಲ್ಲಿ ಅವಳಿಲ್ಲ, ಕಾಲೇಜಿನಲ್ಲಿ ಇಲ್ಲ, ಸ್ವಸಹಾಯ ಸಂಘಕ್ಕೆ ಇನ್ನೂ ವಯಸ್ಸಾಗಿಲ್ಲ. ಮನೆಯಲ್ಲಿ ಮದುವೆಯ ಮಾತು ಆರಂಭವಾಗುವುದು ಹೆಚ್ಚಾಗಿ ಈ ಹಂತದಲ್ಲಿ. ಹದಿನೆಂಟು ತುಂಬುವ ಮೊದಲು ಹೆಣ್ಣುಮಕ್ಕಳ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಅಪರಾಧವೆಂಬುದು ಎಲ್ಲರಿಗೂ ತಿಳಿದ ಸಂಗತಿ. ತಡೆಯಲು ಬರುವ ಹೊತ್ತಿಗೆ ಚಪ್ಪರ ಹಾಕಿರುತ್ತದೆಂಬುದೂ ತಿಳಿದ ಸಂಗತಿಯೇ. ವಾರಕ್ಕೆ ಮೂರು ಸಂಜೆ ಗ್ರಂಥಾಲಯದಲ್ಲಿ ಮರುಪರೀಕ್ಷೆಗೆ ಓದಿಸುವ ಗುಂಪೊಂದಿದ್ದು, ಆ ಹುಡುಗಿ ಅದರಲ್ಲಿದ್ದರೆ, ಅವಳ ಹೆಸರು ಊರಿನ ಒಂದು ಪುಸ್ತಕದಲ್ಲಿ ಉಳಿದಿರುತ್ತದೆ. ಎರಡು ವಾರ ಬಾರದಿದ್ದರೆ ಏಕೆ ಬರಲಿಲ್ಲವೆಂದು ಗೆಳತಿಯರು ಕೇಳುತ್ತಾರೆ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಗೋಡೆಯ ಮೇಲಿರುತ್ತದೆ. ಇದು ಬೇಹುಗಾರಿಕೆಯಾಗಬಾರದು, ಮನೆಯವರಿಗೆ ಹಾಗೆನ್ನಿಸಿದ ದಿನವೇ ಅವಳನ್ನು ಕಳುಹಿಸುವುದು ನಿಲ್ಲುತ್ತದೆ. ಗುಂಪು ನಡೆಯಬೇಕಾದದ್ದು ಓದಿಗಾಗಿ. ಉಳಿದ ಪ್ರಯೋಜನ ಅದರ ಬೆನ್ನಿಗೆ ಬರುತ್ತದೆ.

ಈ ಗುಂಪನ್ನು ನಡೆಸಲು ದೊಡ್ಡ ವ್ಯವಸ್ಥೆ ಬೇಡ. ಊರಿನಲ್ಲಿ ಒಬ್ಬ ನಿವೃತ್ತ ಶಿಕ್ಷಕರೋ, ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ತರುಣಿಯೋ ಸಿಕ್ಕೇ ಸಿಗುತ್ತಾರೆ. ಹದಿನೈದು ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಬಹುದು, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿಯೂ ಇದೆ. ಅರ್ಜಿಯ ಕೊನೆಯ ದಿನಾಂಕ ತಿಳಿಯದೆ ವರ್ಷ ಕಳೆದುಕೊಳ್ಳುವವರೇ ಹೆಚ್ಚು. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸುವುದೂ ಒಂದು ಗ್ರಂಥಾಲಯ ಸೇವೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣರ ಬಗ್ಗೆ ಒಂದು ಮಾತು. ಅವರು ಈಗಾಗಲೇ ಬರುತ್ತಿದ್ದಾರೆ, ಶ್ರದ್ಧೆಯಿಂದ ಓದುತ್ತಿದ್ದಾರೆ. ಪೊಲೀಸ್ ಕಾನ್‌ಸ್ಟೇಬಲ್, ದ್ವಿತೀಯ ದರ್ಜೆ ಸಹಾಯಕ, ಗ್ರಾಮ ಆಡಳಿತಾಧಿಕಾರಿ ಹುದ್ದೆಗಳ ಪುಸ್ತಕಗಳನ್ನು ಒದಗಿಸುವುದು ಅಗತ್ಯವೇ. ಆದರೆ ಇಡೀ ಗ್ರಂಥಾಲಯ ಅದಕ್ಕೇ ಮೀಸಲಾದರೆ ಅದು ಶುಲ್ಕವಿಲ್ಲದ ಕೋಚಿಂಗ್ ಕೇಂದ್ರವಾಗುತ್ತದೆ, ಕಾದಂಬರಿಯ ಕಪಾಟಿನ ಮೇಲೆ ಧೂಳು ಕೂರುತ್ತದೆ. ತಿಂಗಳಿಗೊಮ್ಮೆ ಅದೇ ತರುಣರು ಕಿರಿಯರೆದುರು ಒಂದು ಪುಸ್ತಕದ ಬಗ್ಗೆ, ಪಾಠದ್ದಲ್ಲದ ಪುಸ್ತಕದ ಬಗ್ಗೆ, ಹತ್ತು ನಿಮಿಷ ಮಾತನಾಡಲಿ. ಸಂದರ್ಶನಕ್ಕೂ ಅದು ಕೆಲಸಕ್ಕೆ ಬಂದೀತು.

ವಯಸ್ಕರ ವಿಷಯಕ್ಕೆ ಬಂದರೆ, 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ. 75.36. ಗ್ರಾಮೀಣ ಮಹಿಳೆಯರಲ್ಲಿ ಅದು ಶೇ. 60ರ ಆಸುಪಾಸಿನಲ್ಲಿತ್ತು. ಅಂದು ಓದು ಬಾರದಿದ್ದವರು ಇಂದು ತಾಯಂದಿರು, ಅಜ್ಜಿಯರು, ಸಂಘಗಳ ಸದಸ್ಯರು. ಕೆಲವರು ಪಂಚಾಯಿತಿಯ ಸದಸ್ಯರೂ ಹೌದು. ಲೋಕ ಶಿಕ್ಷಣ ನಿರ್ದೇಶನಾಲಯದ ಸಾಕ್ಷರತಾ ಕೇಂದ್ರದಲ್ಲಿ ಹೆಸರು ಬರೆಯಲು ಕಲಿತು, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆದ ಹೆಂಗಸಿಗೆ ಮುಂದಿನ ತಿಂಗಳು ಓದಲು ಏನಿದೆ? ಗ್ರಂಥಾಲಯದ ಕಾದಂಬರಿ ಅವಳಿಗೆ ಭಾರ, ಮಕ್ಕಳ ಪುಸ್ತಕ ಅವಮಾನ. ದಪ್ಪಕ್ಷರದ, ಚಿಕ್ಕ ವಾಕ್ಯಗಳ, ದೊಡ್ಡವರ ಬದುಕಿನ ವಿಷಯವಿರುವ ಪುಸ್ತಕಗಳನ್ನು ಬೇರೆ ಒಂದು ಸಾಲಿನಲ್ಲಿ ಇಡಬೇಕು. ಅದರ ಮೇಲೆ ‘ನವಸಾಕ್ಷರರಿಗೆ’ ಎಂದು ಬರೆಯದಿರುವುದೇ ಲೇಸು.

ಮಹಿಳೆಯರಿಗೆ ಎಲ್ಲಕ್ಕಿಂತ ಸುಲಭವಾದ ಕಾರ್ಯಕ್ರಮ ಗಟ್ಟಿ ಓದು. ಸಂಜೀವಿನಿ ಒಕ್ಕೂಟದ ಒಂದು ಸಂಘವು ತನ್ನ ವಾರದ ಸಭೆಯನ್ನು ಗ್ರಂಥಾಲಯದಲ್ಲಿ ನಡೆಸಲಿ. ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ, ಓದಬಲ್ಲ ಒಬ್ಬರು ಒಂದು ಕಥೆಯನ್ನೋ ಅಂದಿನ ಪತ್ರಿಕೆಯ ಒಂದು ಸುದ್ದಿಯನ್ನೋ ಓದಲಿ, ಉಳಿದವರು ಮಾತನಾಡಲಿ. ಕಾಲೇಜಿಗೆ ಹೋಗುವ ಮಗಳೇ ಓದಿದರೆ ತಾಯಿ ಕೇಳುವ ರೀತಿಯೇ ಬೇರೆಯಾಗಿರುತ್ತದೆ. ಬೀಸುವ ಪದ, ಸೋಬಾನೆ ಪದ, ತತ್ವಪದ ಬಲ್ಲ ಹಿರಿಯರಿದ್ದರೆ ಅವರು ಹಾಡಲಿ, ಹುಡುಗರು ಬರೆದುಕೊಳ್ಳಲಿ. ಒಂದು ವರ್ಷದಲ್ಲಿ ಆ ನೋಟುಪುಸ್ತಕವೇ ಗ್ರಂಥಾಲಯದ ಒಂದು ಪುಸ್ತಕವಾಗುತ್ತದೆ, ಬೇರೆಲ್ಲೂ ಸಿಗದ ಪುಸ್ತಕ.

ಎರಡನೆಯದು ತಿಳಿವಳಿಕೆಯ ಕಾರ್ಯಕ್ರಮಗಳು. ಇವುಗಳಿಗೆ ಸಂಪನ್ಮೂಲ ವ್ಯಕ್ತಿಗಳು ಸಾಮಾನ್ಯವಾಗಿ ಶುಲ್ಕವಿಲ್ಲದೆ ದೊರೆಯುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಪತ್ರ ಬರೆದರೆ ಕಾನೂನು ಅರಿವು ಮೂಡಿಸಲು ವಕೀಲರು ಬರುತ್ತಾರೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆಂಬ ಸಂಗತಿಯೇ ಅನೇಕ ಮನೆಗಳಿಗೆ ಮುಟ್ಟಿಲ್ಲ. ರೈತ ಸಂಪರ್ಕ ಕೇಂದ್ರದ ಅಧಿಕಾರಿ, ಬ್ಯಾಂಕಿನ ಆರ್ಥಿಕ ಸಾಕ್ಷರತಾ ಸಲಹೆಗಾರರು, ಆರೋಗ್ಯ ಕೇಂದ್ರದ ವೈದ್ಯರು ಇವರನ್ನು ಒಂದೊಂದು ತಿಂಗಳಿಗೆ ಒಬ್ಬರಂತೆ ಕರೆಯಬಹುದು. ಇತ್ತೀಚೆಗೆ ತುರ್ತಾಗಿರುವುದು ಮೊಬೈಲ್ ವಂಚನೆಯ ವಿಷಯ. ಬ್ಯಾಂಕಿನಿಂದ ಎಂದು ಹೇಳಿಕೊಂಡು ಒ.ಟಿ.ಪಿ. ಕೇಳುವ ಕರೆಗೆ ಉತ್ತರಿಸಿ, ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಕಳೆದುಕೊಂಡವರು ಹಳ್ಳಿಗಳಲ್ಲೂ ಇದ್ದಾರೆ. ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಬೇಕು, ತಡಮಾಡಿದಷ್ಟೂ ಮರಳಿ ಬರುವ ಸಾಧ್ಯತೆ ಕುಗ್ಗುತ್ತದೆ ಎಂಬ ಒಂದೇ ಮಾತನ್ನು ಭಾಷಣದಲ್ಲಿ ಹೇಳುವುದಕ್ಕಿಂತ, ಹದಿನಾರರ ಹುಡುಗನೊಬ್ಬ ಪಕ್ಕದಲ್ಲಿ ಕುಳಿತು ಅಜ್ಜನ ಫೋನಿನಲ್ಲೇ ಆ ಸಂಖ್ಯೆಯನ್ನು ಉಳಿಸಿಕೊಟ್ಟರೆ ಹೆಚ್ಚು ಫಲ. ಹದಿಹರೆಯದವರ ಕಾರ್ಯಕ್ರಮ ಮತ್ತು ವಯಸ್ಕರ ಕಾರ್ಯಕ್ರಮ ಇಲ್ಲಿ ಒಂದೇ ಆಗುತ್ತವೆ. ಕಲಿಸಿದವನಿಗೂ ಊರಿನಲ್ಲಿ ಒಂದು ಗೌರವ ಸಿಗುತ್ತದೆ.

ದೃಷ್ಟಿದೋಷವುಳ್ಳವರನ್ನೂ ನಡೆದಾಡಲು ಕಷ್ಟವಿರುವವರನ್ನೂ ಪಟ್ಟಿಯಿಂದ ಬಿಡಬಾರದು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ಅವರ ಹೆಸರುಗಳಿವೆ. ಗಟ್ಟಿ ಓದಿನ ಮೊದಲ ಆಹ್ವಾನ ಅವರಿಗೇ ಹೋಗಬಹುದು.

ಕಾರ್ಯಕ್ರಮವೆಂದಾಕ್ಷಣ ಶಾಮಿಯಾನ, ಬ್ಯಾನರು, ಶಾಲು, ಹಾರ, ಸ್ವಾಗತ ಭಾಷಣಗಳು ನೆನಪಾಗುವುದು ವಾಡಿಕೆ. ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದಲ್ಲಿ ಇವೆಲ್ಲ ಒಂದಿಷ್ಟು ಇರಲಿ, ಊರಿಗೆ ಹಬ್ಬ ಬೇಕು. ಆದರೆ ಉಳಿದ ಐವತ್ತೊಂದು ವಾರಗಳ ಲೆಕ್ಕ ಆ ಒಂದು ವಾರದ ಫೋಟೋಗಳಿಂದ ತುಂಬುವುದಿಲ್ಲ. ಹನ್ನೆರಡು ಜನ ಪ್ರತಿ ಬುಧವಾರ ಸೇರುವ ಓದಿನ ಗುಂಪು, ಇನ್ನೂರು ಜನ ಒಮ್ಮೆ ಸೇರಿ ಉಪ್ಪಿಟ್ಟು ತಿಂದು ಹೋಗುವ ಸಮಾರಂಭಕ್ಕಿಂತ ಊರಿಗೆ ಹೆಚ್ಚು ಕೊಡುತ್ತದೆ. ಫೋಟೋದಲ್ಲಿ ಮಾತ್ರ ಅದು ಚೆನ್ನಾಗಿ ಕಾಣುವುದಿಲ್ಲ.

ಒಂದು ತೊಡಕನ್ನು ಮುಚ್ಚಿಡಬೇಕಾಗಿಲ್ಲ. ಗ್ರಂಥಾಲಯವಿರುವ ಬೀದಿಗೆ ಊರಿನ ಎಲ್ಲರೂ ನಿಸ್ಸಂಕೋಚವಾಗಿ ಬರುತ್ತಾರೆಯೇ? ಗ್ರಂಥಾಲಯವು ಮುಖ್ಯ ಗ್ರಾಮದಲ್ಲಿದ್ದು, ಕಾಲೊನಿ, ತಾಂಡಾ, ಹಟ್ಟಿಗಳು ಎರಡು ಮೂರು ಕಿಲೋಮೀಟರ್ ದೂರದಲ್ಲಿರುವ ಪಂಚಾಯಿತಿಗಳು ಬಹಳ. ಅಲ್ಲಿಯ ಹುಡುಗ ಹುಡುಗಿಯರು ಒಮ್ಮೆ ಬಂದು, ಯಾರಾದರೂ ಒಂದು ಮಾತು ಅಂದರೆ ಮತ್ತೆ ಬರುವುದಿಲ್ಲ. ತಿಂಗಳಿಗೆ ಒಂದೆರಡು ಕಾರ್ಯಕ್ರಮಗಳು ಅಲ್ಲಿಯ ಅಂಗನವಾಡಿ ಅಥವಾ ಸಮುದಾಯ ಭವನದಲ್ಲೇ ನಡೆಯಲಿ. ಒಂದು ಪೆಟ್ಟಿಗೆಯಲ್ಲಿ ಐವತ್ತು ಪುಸ್ತಕಗಳನ್ನು ಒಯ್ದು, ಅಲ್ಲಿಯ ಒಬ್ಬ ಯುವತಿಯ ವಶಕ್ಕೆ ಕೊಟ್ಟು, ಮುಂದಿನ ತಿಂಗಳು ಬದಲಿಸಿದರಾಯಿತು. ಪುಸ್ತಕ ಕಳೆದರೆ ಎಂಬ ಭಯ ಬೇಡ. ಓದಿ ಹರಿದ ಪುಸ್ತಕವನ್ನು ನಿಯಮದಂತೆ ದಾಖಲೆಯಿಂದ ತೆಗೆಯುವ ಕ್ರಮ ಇದ್ದೇ ಇದೆ. ಓದದೆ ಗೆದ್ದಲು ತಿಂದ ಪುಸ್ತಕಕ್ಕೂ ಅದೇ ಕ್ರಮ.

ಇದಕ್ಕೆಲ್ಲ ತಗಲುವ ವೆಚ್ಚವನ್ನು ‘ನಮ್ಮ ಗ್ರಾಮ ನಮ್ಮ ಯೋಜನೆ’ಯ ವಾರ್ಷಿಕ ಪಟ್ಟಿಯಲ್ಲಿ ಸೇರಿಸಬೇಕು. ಚರಂಡಿ, ರಸ್ತೆ, ನೀರಿನ ಕಾಮಗಾರಿಗಳ ನಡುವೆ ಎರಡು ಬೆಂಚು, ಒಂದು ಬಿಳಿಹಲಗೆ, ದಪ್ಪಕ್ಷರದ ಪುಸ್ತಕ, ಒಂದು ಬೀದಿದೀಪ ಎಂಬ ಸಾಲು ಚಿಕ್ಕದಾಗಿ ಕಾಣುತ್ತದೆ. ವಾರ್ಡ್ ಸಭೆಯಲ್ಲಿ ಅದನ್ನು ಕೇಳುವವರೂ ಕಡಿಮೆ, ಏಕೆಂದರೆ ಅದು ಬೇಕಾದವರು ಆ ಸಭೆಗೆ ಬರುವುದಿಲ್ಲ. ಅವರ ಪರವಾಗಿ ಸದಸ್ಯರೇ ಕೇಳಬೇಕಾಗುತ್ತದೆ. ಗ್ರಂಥಾಲಯ ಕರದ ಬೇಡಿಕೆ, ವಸೂಲಿ, ಖರ್ಚು ಈ ಮೂರು ಅಂಕಿಗಳನ್ನು ಸಾಮಾನ್ಯ ಸಭೆಯಲ್ಲಿ ಓದಿಸಲು ಒಬ್ಬ ಸದಸ್ಯರು ಎದ್ದು ನಿಂತು ಕೇಳಿದರೆ ಸಾಕು.

ಮುಂದಿನ ಸಾಮಾನ್ಯ ಸಭೆಗೆ ಮೊದಲು ಪ್ರತಿಯೊಬ್ಬ ಸದಸ್ಯರೂ ಒಂದು ಸಂಜೆ ಗ್ರಂಥಾಲಯಕ್ಕೆ ಹೋಗಿ, ಹಾಜರಿ ಪುಸ್ತಕದ ಹಿಂದಿನ ಮೂರು ತಿಂಗಳ ಪುಟಗಳನ್ನು ತಿರುವಿ ಹಾಕುವುದು ಒಳ್ಳೆಯದು. ತಮ್ಮ ವಾರ್ಡಿನ ಎಷ್ಟು ಹೆಸರುಗಳಿವೆ, ಅವುಗಳಲ್ಲಿ ಹದಿನಾಲ್ಕು ದಾಟಿದ ಹುಡುಗಿಯರ ಹೆಸರು ಎಷ್ಟು, ಹೆಂಗಸರ ಹೆಸರು ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಬಾಗಿಲು ತೆರೆಯುವ ವೇಳೆಯ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕಾದರೆ, ಸಭೆಯ ನೋಟಿಸು ಹೊರಡುವ ಮೊದಲೇ ಅಧ್ಯಕ್ಷರಿಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ ಲಿಖಿತವಾಗಿ ಕೊಡಬೇಕು. ಆ ಚೀಟಿಯನ್ನು ಪತ್ರಕ್ಕೆ ಲಗತ್ತಿಸಿದರೆ ಚರ್ಚೆ ಸುಲಭವಾಗುತ್ತದೆ.